ಸರ್ವರ್ ಕೋಣೆಯ ಕೀಲಿಕೈ

ಆ ಊರಿನ ಹೆಸರು ಹೇಳುವುದಿಲ್ಲ. ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋಗುತ್ತದೆ, ಅಲ್ಲಿಂದ ಗೋವಿನಜೋಳದ ಹೊಲಗಳ ನಡುವೆ ಒಳಗೆ ನಡೆಯಬೇಕು. ಇಷ್ಟು ಸಾಕು. ಹೆಸರು ಹೇಳಿದರೆ ಆ ಊರಿನವರು, "ನಮ್ಮೂರಾಗಷ್ಟ ಹಿಂಗೈತೇನ್ರಿ?" ಎಂದು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ನಾನು ಹುಟ್ಟಿ ಬೆಳೆದ ಹಾನಗಲ್ಲಿನ ಸುತ್ತಮುತ್ತಲೂ ಇದೇ ಇತ್ತು. ಈಗಲೂ ಇರಬೇಕು.

ಆ ಊರಿನ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಹೆಂಗಸು ಎಂದು ಹೆಸರು ಮಾಡಿದ್ದೇನೆ. ಆ ಹೆಸರಿನಿಂದ ಎಷ್ಟೋ ಕೆಲಸ ಸಲೀಸಾಗಿ ಆಗುತ್ತದೆ, ಹಾಗಾಗಿ ತಿದ್ದಿಕೊಳ್ಳಲು ಹೋಗಿಲ್ಲ. ಕಂಪ್ಯೂಟರ್ ಕೋಣೆ ನನ್ನ ಕೊರಳಿಗೆ ಬಿದ್ದದ್ದೂ ಸಿಟ್ಟಿನಿಂದಲೇ. ಹಿರೇಕೆರೂರಿನ ಕಡೆಯ ಒಂದು ಕಾಲೇಜಿನವರು ಹಳೆಯ ಕಂಪ್ಯೂಟರುಗಳನ್ನು ಕೊಡುತ್ತೇವೆ ಎಂದಾಗ ನಮ್ಮ ಹೆಡ್ ಮಾಸ್ತರರು ಟಂಟಂ ಗಾಡಿಯಲ್ಲಿ ಗೋಣಿಚೀಲ ಹಾಸಿ ಅವನ್ನು ಹೇರಿಕೊಂಡು ಬಂದರು. ಬಂದ ಮೇಲೆ ಅವು ವರಾಂಡದಲ್ಲಿ ಧೂಳು ತಿನ್ನುತ್ತಾ ಬಿದ್ದವು. ಹೋಗುತ್ತಾ ಬರುತ್ತಾ ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. "ಹಿಂಗ ಇಡೂದಿದ್ರ ತಂದಿದ್ದರ ಯಾಕ್ರಿ ಸರ್?" ಎಂದು ಒದರಿದೆ. ಅವರು ನಕ್ಕು, "ಹಂಗಾರ ನೀವ ನೋಡ್ರಿ ಮೇಡಂ" ಎಂದುಬಿಟ್ಟರು.

ನೋಡಿದೆ. ಹುಬ್ಬಳ್ಳಿಗೆ ತರಬೇತಿಗೆ ಹೋದೆ, ಅಲ್ಲಿ ಲಿನಕ್ಸ್ ಕಲಿತೆ. ಆ ಮುದಿ ಕಂಪ್ಯೂಟರುಗಳಿಗೆ ತಾವಾಗಿ ಕೆಲಸ ಮಾಡುವ ತಾಕತ್ತು ಉಳಿದಿರಲಿಲ್ಲ. ಅವುಗಳ ಒಳಗಿದ್ದ ಹಾರ್ಡ್ ಡಿಸ್ಕುಗಳನ್ನು ಬಿಚ್ಚಿ ತೆಗೆದೆವು. ಗಟ್ಟಿಮುಟ್ಟಾಗಿದ್ದ ಒಂದೇ ಒಂದನ್ನು ಆರಿಸಿ, ಮೆಮೊರಿ ಹೆಚ್ಚಿಸಿ, ಪಕ್ಕದ ಸಣ್ಣ ಕೋಣೆಯಲ್ಲಿ ನಕಾಶೆಗಳ ಮತ್ತು ವಾಲಿಬಾಲ್ ನೆಟ್ಟಿನ ನಡುವೆ ಇಟ್ಟೆವು. ಅದು ಸರ್ವರ್. ದೊಡ್ಡ ಕೋಣೆಯಲ್ಲಿ ಸಾಲಾಗಿ ಇಟ್ಟ ಉಳಿದ ಪೆಟ್ಟಿಗೆಗಳು ವೈರಿನ ಮೂಲಕ ಎಲ್ಲವನ್ನೂ ಅದರಿಂದಲೇ ಪಡೆಯಬೇಕು. ಮಕ್ಕಳು ಬರೆಯುವುದು, ಬಿಡಿಸುವುದು, ಲೆಕ್ಕ ಮಾಡುವುದು ಎಲ್ಲ ನಡೆಯುವುದು ಸರ್ವರಿನಲ್ಲಿ. ಕಾಣಿಸುವುದು ಮಾತ್ರ ಅವರ ಮುಂದಿನ ಪರದೆಯ ಮೇಲೆ. ಇವತ್ತು ಕಿಟಕಿಯ ಹತ್ತಿರ ಕುಳಿತು ಬಿಡಿಸಿದ ಚಿತ್ರ, ನಾಳೆ ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿ ಹೆಸರು ಒತ್ತಿದರೂ ಎದುರು ಬಂದು ನಿಲ್ಲುತ್ತದೆ. ಮೊದಲ ದಿನ ಇದನ್ನು ಕಂಡು ಮಕ್ಕಳು ಮಾಡಿದ ಗದ್ದಲಕ್ಕೆ ಪಕ್ಕದ ತರಗತಿಯ ಪಾಠ ನಿಂತುಹೋಯಿತು.

ಇದರಲ್ಲಿ ಒಂದು ಕಟ್ಟಳೆ ಇದೆ. ಮೊದಲು ಸರ್ವರ್ ಚಾಲೂ ಆಗಬೇಕು. ಅದು ಏಳುವ ಮುನ್ನ ಉಳಿದವನ್ನು ಚಾಲೂ ಮಾಡಿದರೆ ಅವು ಕಪ್ಪು ಪರದೆಯ ಮೇಲೆ ಎರಡು ಸಾಲು ಬರೆದು ಸುಮ್ಮನೆ ಕಾಯುತ್ತ ಕೂರುತ್ತವೆ. ನಾನು ಶಿಗ್ಗಾಂವಿಯಿಂದ ಬರುವವಳು, ಬಸ್ಸಿನ ಮರ್ಜಿ. ದಿನವೂ ಬೇಗ ಬಂದು ಬ್ಯಾಟರಿ ನೋಡಿ, ಸರ್ವರ್ ಎಬ್ಬಿಸಿ ಇಡುವವರೊಬ್ಬರು ಬೇಕಿತ್ತು.

ಆಗ ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಅಪ್ಪ ಅವಳನ್ನು ಜೊತೆಗೆ ಕರೆದುಕೊಂಡು ಬಂದರು. ಊರ ಹೊರಗಿನ ಕೇರಿಯವರು. ನಮ್ಮ ಶಾಲಾ ಸಮಿತಿಯ ಅಧ್ಯಕ್ಷರ ಹೊಲದಲ್ಲಿ ದುಡಿಯುತ್ತಿದ್ದರು. ಮೆಣಸಿನಕಾಯಿ ಬಿಡಿಸುವ ಸುಗ್ಗಿ. ತಲೆಗೆ ಸುತ್ತಿದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, "ಅಕ್ಕೋರ, ನನ್ನ ಮಗಳ್ನ ಸಾಲಿ ಬಿಡಸ್ತೇನ್ರಿ" ಎಂದರು. ಯಾಕೆ ಎಂದರೆ, "ಹೆಣ್ಣಹುಡುಗಿ, ಎಷ್ಟ ಕಲ್ತರೂ ಅಷ್ಟ. ಅವ್ವನ ಜೋಡಿ ಕೆಲಸಕ್ಕ ಹೋಗ್ತಾಳ" ಎಂದರು. ಆ ಹುಡುಗಿ ಲೆಕ್ಕದಲ್ಲಿ ಚುರುಕು. ಕೀಬೋರ್ಡಿನ ಮೇಲೆ ಅವಳ ಬೆರಳು ಓಡುವುದನ್ನು ನೋಡಿ ನಾನೇ ಹೊಟ್ಟೆಕಿಚ್ಚು ಪಟ್ಟಿದ್ದೆ. ನನಗೆ ಎಲ್ಲಿಂದ ಹೊಳೆಯಿತೋ, ಮೇಜಿನ ಮೇಲಿದ್ದ ಕೀಲಿಕೈ ಗೊಂಚಲನ್ನು ತೆಗೆದು ಅವರ ಎದುರಿಗೇ ಹುಡುಗಿಯ ಕೈಯಲ್ಲಿಟ್ಟೆ. "ಬಿಡಸ್ತೀರೇನ್ರಿ? ಹಂಗಾರ ನಾಳಿಂದ ಇಡೀ ಸಾಲಿ ಕಂಪ್ಯೂಟರ್ ಯಾರ ಚಾಲೂ ಮಾಡ್ಬೇಕು? ನೀವ ಬಂದ ಮಾಡ್ರಿ ಮತ್ತ" ಎಂದೆ.

ಅವರು ಕೀಲಿಕೈಯನ್ನು ನೋಡಿದರು, ಮಗಳನ್ನು ನೋಡಿದರು. ನಾನು ನಕ್ಕೆ, ಅವರು ನಗಲಿಲ್ಲ. "ಸಾಲಿ ಕೀಲಿಕೈ ನನ್ನ ಮಗಳ ಕೈಯಾಗ ಕೊಡಾಕತ್ತೀರಿ ಅಂದ್ರ ಮಾತ ಬ್ಯಾರೆ ಆತ್ರಿ" ಎಂದು ಟವೆಲು ಹೆಗಲಿಗೆ ಹಾಕಿದರು. "ಕೀಲಿಕೈ ಇರೂತನಕ ಆಕಿ ಸಾಲಿಗೆ ಬರ್ತಾಳ್ರಿ. ನಾ ಬಿಡಸೂದಿಲ್ಲ." ಅಂದಿನಿಂದ ಅದೇ ಒಪ್ಪಂದ. ಕೀಲಿಕೈ ಇದ್ದರೆ ಶಾಲೆ. ಹುಡುಗಿ ಅದನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು, ಅಂಗಿಯೊಳಗೆ ತೂರಿಸಿ, ಯಾರಿಗೂ ಕೊಡದೆ ಓಡಾಡಿದಳು.

ಮೂರ್ನಾಲ್ಕು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಅವಳ ಪಕ್ಕದಲ್ಲಿ ಅಧ್ಯಕ್ಷರ ಮೊಮ್ಮಗಳು ಕೂರುತ್ತಿದ್ದಳು, ಅವಳೂ ಅದೇ ತರಗತಿ. ಇಬ್ಬರೂ ಒಂದೇ ಪರದೆಗೆ ತಲೆ ತಾಗಿಸಿ ಕಿಸಿಕಿಸಿ ನಗುವುದನ್ನು ಕಂಡು ನಾನೇ ಎಷ್ಟೋ ಸಲ ಬೈದು ಬೇರೆ ಕೂರಿಸಿದ್ದೆ. ಬೇರೆ ಕೂರಿಸಿದ್ದೆ ಎಂದು ಬರೆಯುವಾಗ ಈಗ ಕೈ ತಡೆಯುತ್ತದೆ. ಆಗ ಆ ಮಾತಿಗೆ ಗದ್ದಲ ಕಡಿಮೆ ಮಾಡುವುದು ಎಂಬುದಕ್ಕಿಂತ ಹೆಚ್ಚಿನ ಅರ್ಥವಿರಲಿಲ್ಲ.

ಗೊಂದಲ ಶುರುವಾದದ್ದು ಖಾಲಿ ಪೆಟ್ಟಿಗೆಯಿಂದ. ಮಕ್ಕಳು ಮನೆಗೆ ಹೋಗಿ, ನಮ್ಮ ಕಂಪ್ಯೂಟರಿನ ಹೊಟ್ಟೆಯೊಳಗೆ ಏನೂ ಇಲ್ಲ, ಡಿಸ್ಕು ಬಿಚ್ಚಿದ್ದಾರೆ ಎಂದು ಹೇಳಿದ್ದಾರೆ. ಊರಿನಲ್ಲಿ ಸುದ್ದಿ ಎದ್ದಿತು: ಶಾಲೆಗೆ ಖಾಲಿ ಡಬ್ಬಿ ತಂದು ಸಾಲು ಹಚ್ಚಿದ್ದಾರೆ, ಒಳಗಿನದನ್ನು ಯಾರೋ ಹೊಡೆದಿದ್ದಾರೆ. ಯಾರೋ ಎಂದರೆ ನಾನೇ, ಮತ್ತಾರು? ನನ್ನ ಮೈ ಉರಿಯಿತು. ಪಾಲಕರ ಸಭೆ ಕರೆಯಿರಿ, ನಾನೇ ಹೇಳುತ್ತೇನೆ ಎಂದು ಹೆಡ್ ಮಾಸ್ತರರ ಬೆನ್ನು ಹತ್ತಿದೆ.

ಸಭೆ ಶಾಲೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಸೇರಿತು. ಅಧ್ಯಕ್ಷರು ಮುಂದಿನ ಕುರ್ಚಿಯಲ್ಲಿ. ದೊಡ್ಡ ಆಳು, ದೊಡ್ಡ ನಗು, ಶಾಲೆಯೆಂದರೆ ಜೀವ. ನೀರಿನ ಟಾಕಿ ಕಟ್ಟಿಸಿದವರೇ ಅವರು. ನಾನು ಒಂದು ಖಾಲಿ ಪೆಟ್ಟಿಗೆಯನ್ನು ಎತ್ತಿ ತಂದು ಎಲ್ಲರೆದುರು ಮುಚ್ಚಳ ಬಿಚ್ಚಿ ತೋರಿಸಿದೆ. "ಹೌದ್ರಿ, ಖಾಲಿ ಐತಿ. ಇದು ಊಟದ ತಾಟು ಇದ್ದಂಗ. ತಾಟಿನ್ಯಾಗ ಯಾರರ ಅಡಿಗಿ ಮಾಡ್ತಾರೇನ್ರಿ? ಅಡಿಗಿ ಎಲ್ಲಾ ಒಳಗಿನ ಖೋಲ್ಯಾಗ ಒಂದ ದೊಡ್ಡ ಗಡಿಗ್ಯಾಗ ಆಕ್ಕೈತಿ. ಅಲ್ಲಿಂದ ಎಲ್ಲಾ ಹುಡುಗ್ರ ತಾಟಿಗೂ ಬರ್ತೈತಿ. ಗಡಿಗಿ ಒಂದ, ತಾಟು ಬ್ಯಾರೆ ಬ್ಯಾರೆ" ಎಂದೆ.

ಜನ ತಲೆದೂಗಿದರು. ಹಿಂದೆ ಕುಳಿತ ಹೆಂಗಸರೂ "ಹಾಂ, ಹಂಗೇನ" ಎಂದು ನಕ್ಕರು. ಅಷ್ಟು ಚೆನ್ನಾಗಿ ತಿಳಿಸಿ ಹೇಳಿದ್ದಕ್ಕೆ ನನಗೆ ನನ್ನ ಮೇಲೇ ಪ್ರೀತಿ ಬಂತು. ಆಗ ಅಧ್ಯಕ್ಷರು ನಗುತ್ತಲೇ ಕೇಳಿದರು. "ಭಾಳ ಚಲೋ ಹೇಳಿದ್ರಿ ಅಕ್ಕೋರ. ಮತ್ತ ಆ ಗಡಿಗಿ ಒಲಿ ಮ್ಯಾಲ ಏರ್ಸೋರು ಯಾರ್ರಿ? ನೀವೇನ?"

"ನಾ ಎಲ್ಲೀದ್ರಿ, ನನ್ನ ಬಸ್ಸ ಬರೂದ ತಡ" ಎಂದು ನಾನು ಮಕ್ಕಳ ಗುಂಪಿನ ಕಡೆ ತಿರುಗಿ, ಹುಡುಗಿಯನ್ನು ಕೈ ಹಿಡಿದು ಮುಂದೆ ಎಳೆದುಕೊಂಡು ಬಂದೆ. "ಈಕಿನ್ರಿ. ದಿನಾ ಮುಂಜಾನೆ ಈಕಿನ ಚಾಲೂ ಮಾಡ್ತಾಳ. ಈಕಿ ಮಾಡ್ಲಿಲ್ಲಂದ್ರ ಯಾರ ತಾಟಿಗೂ ಏನೂ ಬರೂದಿಲ್ಲ."

ಅಂಗಳ ಸುಮ್ಮನಾಯಿತು. ಹುಡುಗಿಯ ಅಪ್ಪ ಕಡೆಯ ಸಾಲಿನ ಆಚೆ ಗೋಡೆಗೆ ಒರಗಿ ನಿಂತಿದ್ದರು. ಅವರು ತಲೆ ಕೆಳಗೆ ಹಾಕಿದರು. ಮಗಳ ಹೊಗಳಿಕೆ ಕೇಳಿ ನಾಚಿಕೊಂಡರು ಎಂದುಕೊಂಡೆ. ಜನ ಸುಮ್ಮನಾದದ್ದೂ ಮೆಚ್ಚುಗೆಯಿಂದ ಎಂದುಕೊಂಡೆ. ಹುಡುಗಿಯ ಕೈ ನನ್ನ ಕೈಯೊಳಗೆ ತಣ್ಣಗಾಗಿತ್ತು. ಅಧ್ಯಕ್ಷರು, "ಹೌದೇನ? ಆಗ್ಲಿ, ಆಗ್ಲಿ" ಎಂದರು. ಚಹಾ ಬಂತು, ಸಭೆ ಮುಗಿಯಿತು.

ಮರುದಿನ ಕಂಪ್ಯೂಟರ್ ತಾಸಿಗೆ ಅರ್ಧ ತರಗತಿ ಕೈ ಕಟ್ಟಿಕೊಂಡು ಕುಳಿತಿತ್ತು. ಪರದೆ ಎದುರಿಗೆ ಬೆಳಗುತ್ತಿದೆ, ಕೀಬೋರ್ಡ್ ಮುಟ್ಟುತ್ತಿಲ್ಲ. ಯಾಕೆ ಎಂದರೆ ಒಬ್ಬ, "ಕಣ್ಣ ನೋಯ್ತಾವ್ರಿ" ಎಂದ. ಇನ್ನೊಬ್ಬಳು, "ನನ್ನವೂ ಕಣ್ಣ ನೋಯ್ತಾವ್ರಿ, ನಮ್ಮವ್ವ ಬ್ಯಾಡ ಅಂದಾಳ" ಎಂದಳು. ಸಾಲಿನುದ್ದಕ್ಕೂ ಕಣ್ಣು ಬ್ಯಾನಿ. ಊರಿನಲ್ಲಿ ಕಣ್ಣಿನ ಬ್ಯಾನಿ ಹರಡಿದೆ ಎಂದೇ ನಾನು ನಂಬಿದೆ. ಎಲ್ಲ ಪರದೆಗಳ ಬೆಳಕು ತಗ್ಗಿಸಿದೆ, ಕಿಟಕಿಗೆ ಪರದೆ ಕಟ್ಟಿಸಿದೆ, ಆಸ್ಪತ್ರೆಯ ನರ್ಸಮ್ಮನಿಗೆ ಹೇಳಿ ಕಳಿಸಿದೆ. ಅವರು ಬಂದು ಎಲ್ಲರ ರೆಪ್ಪೆ ಎತ್ತಿ ನೋಡಿ, "ಏನೂ ಆಗಿಲ್ರಿ ಇವಕ್ಕ, ಕಣ್ಣ ಕನ್ನಡಿಯಂಗ ಅದಾವ" ಎಂದು ಹೋದರು. ಆದರೂ ಮರುದಿನ ಮತ್ತೆ ಕಣ್ಣು ನೋವು.

ಕೊನೆಗೆ ಅಧ್ಯಕ್ಷರ ಮೊಮ್ಮಗಳನ್ನು ಹೊರಗೆ ಕರೆದು ಗದರಿಸಿದೆ. ಅವಳಿಗೆ ಅಳು ಬಂತು. "ಕಣ್ಣ ನೋವಲ್ರಿ ಅಕ್ಕೋರ. ಆಕಿ ಚಾಲೂ ಮಾಡಿದ್ದನ್ನ ಮುಟ್ಟಬಾರದಂತ. ನಮ್ಮ ಆಯಿ ಹೇಳ್ಯಾಳ. ಒಂದ ಗಡಿಗ್ಯಾಂದು, ಆಕಿ ಕೈದು, ನಮಗ ನಡಿಯೂದಿಲ್ಲಂತ. ಎಲ್ಲಾರ ಮನ್ಯಾಗೂ ಹೇಳ್ಯಾರ್ರಿ. ಹಂಗಂತ ಅಕ್ಕೋರಿಗೆ ಹೇಳಬ್ಯಾಡ್ರಿ, ಕಣ್ಣ ನೋವಂತ ಹೇಳ್ರಿ ಅಂತನೂ ಹೇಳ್ಯಾರ್ರಿ."

ನಾನು ದಂಗಾದೆ. ನನ್ನ ಗಡಿಗೆ, ನನ್ನ ತಾಟು! ನನ್ನದೇ ಮಾತನ್ನು ಅಧ್ಯಕ್ಷರ ಮೊಮ್ಮಗಳು ನನ್ನ ಮುಖಕ್ಕೆ ಹಿಡಿದಿದ್ದಳು. ವೈರಿನೊಳಗೆ ಹರಿಯುವ ಸಂಕೇತಕ್ಕೆ ಮೈಲಿಗೆ! ಯಾರಾದರೂ ಹಾಸ್ಯಕ್ಕೆ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಮಧ್ಯಾಹ್ನದ ಬಿಸಿಯೂಟ ಬಿಟ್ಟು ಮನೆಯಿಂದ ಬುತ್ತಿ ತರುವ ಮಕ್ಕಳ ಸಾಲು ಕಣ್ಣ ಮುಂದೆ ಬಂತು. ಶಾಲೆಯ ಸಾರು ಖಾರ ಎಂದು ಅವರು ಹೇಳುತ್ತಿದ್ದರು. ನಮ್ಮ ಕಡೆಯ ಮಕ್ಕಳಿಗೆ ಸಾರು ಖಾರವಾಗುವುದುಂಟೆ? ಆ ಅಡುಗೆ ಮಾಡುವ ಹೆಂಗಸೂ ಅದೇ ಕೇರಿಯವಳು. ಇಷ್ಟು ದಿನ ಲೆಕ್ಕ ಕಲಿಸುವ ನನಗೆ ಇಷ್ಟು ಸುಲಭದ ಲೆಕ್ಕ ಬಿಡಿಸಲು ಬಂದಿರಲಿಲ್ಲ.

ಹೆಡ್ ಮಾಸ್ತರರ ಕೋಣೆಗೆ ಹೋಗಿ ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಅವರೂ ಹೌಹಾರುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕುಂಡ್ರಿ ಮೇಡಂ. ಮೊದ್ಲ ನೀರ ಕುಡೀರಿ" ಎಂದರು. ಅವರಿಗೆ ಮೊದಲೇ ಗೊತ್ತಿತ್ತು. ಸಭೆಯ ದಿನವೇ ಗೊತ್ತಾಗಿತ್ತಂತೆ.

"ಹಂಗಾರ ನನಗ ಯಾಕ ಹೇಳ್ಲಿಲ್ರಿ ಸರ್?"

"ಏನಂತ ಹೇಳ್ಲಿ? ನಿಮ್ಮ ಸಿಟ್ಟ ಗೊತ್ತೈತಲ್ಲ. ಈಗ ಒಂದ ಕೆಲಸ ಮಾಡ್ರಿ. ಆ ಹುಡುಗಿ ಕಡೆ ಕೀಲಿಕೈ ಇಸ್ಕೊಳ್ರಿ, ಚಾಲೂ ಮಾಡೂದ ನೀವ ಮಾಡ್ರಿ. ಎಂಟ ದಿನದಾಗ ಎಲ್ಲಾರೂ ಮರೀತಾರ."

"ಕೀಲಿಕೈ ಇಸ್ಕೊಂಡ್ರ ಆಕಿ ಸಾಲಿ ಬಿಡ್ತಾಳ್ರಿ. ಅವರಪ್ಪ ನನ್ನ ಮುಂದ ಹೇಳ್ಯಾರ."

ಹೆಡ್ ಮಾಸ್ತರರು ಕೆಟ್ಟ ಮನುಷ್ಯರಲ್ಲ, ಯಾರ ಮನಸ್ಸೂ ನೋಯಬಾರದು ಎನ್ನುವವರು. ಅವರು ಮುಖ ಅರಳಿಸಿ ಹೇಳಿದ ಮಾತಿಗೆ ನಾನು ಕುರ್ಚಿಯಿಂದ ಎದ್ದು ನಿಂತೆ. "ಅಧ್ಯಕ್ಷರು ಒಂದ ಉಪಾಯ ಹೇಳ್ಯಾರ್ರಿ. ಸಾಲಿಗೆ ಇನ್ನೊಂದ ಹೊಸಾ ಸರ್ವರ್ ಅವರ ಕೊಡಸ್ತಾರಂತ. ಆ ಹುಡುಗಿ ಹಳೇದನ್ನ ನೋಡ್ಕೋಲಿ, ಕೀಲಿಕೈನೂ ಇರ್ಲಿ. ಆಕಿ ಕಡೆಯ ಹುಡುಗ್ರು ಹಳೇದ್ರಾಗ, ಉಳದವರು ಹೊಸಾದ್ರಾಗ. ಯಾರಿಗೂ ಬ್ಯಾಸರಿಲ್ಲ. ಸಾಲಿಗೂ ಒಂದ ಮಷೀನ್ ಬಂದಂಗಾತು."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದಕ್ಕಿಂತ ಮೊದಲು ಹೆದರಿಕೆ ಬಂತು. ಯಾಕೆಂದರೆ ಅವರು ಬಾಯಿ ಮುಚ್ಚುವುದರೊಳಗೆ ನನ್ನ ತಲೆ ಆ ಕೆಲಸವನ್ನು ಮಾಡಿ ಮುಗಿಸಿತ್ತು. ಪ್ರತಿ ಪೆಟ್ಟಿಗೆಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಯಾವ ಸಂಖ್ಯೆಯದು ಯಾವ ಸರ್ವರಿಗೆ ಎಂದು ಒಂದು ಕಡತದಲ್ಲಿ ಬರೆದರೆ ಆಯಿತು. ಮಕ್ಕಳ ಖಾತೆಗಳನ್ನು ಎರಡು ಪಾಲು ಮಾಡಿದರೆ ಆಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುವ ಕೆಲಸ. ಗೋಡೆ ಕಟ್ಟಬೇಕಿಲ್ಲ, ಬೆಂಚು ಸರಿಸಬೇಕಿಲ್ಲ. ಹೊರಗಿನಿಂದ ಬಂದು ನೋಡಿದವರಿಗೆ ಮಕ್ಕಳು ಅಕ್ಕಪಕ್ಕದಲ್ಲೇ ಕುಳಿತಿರುವುದು ಕಾಣುತ್ತದೆ. ಇಷ್ಟು ಚೊಕ್ಕವಾಗಿ ಮಕ್ಕಳನ್ನು ಬೇರೆ ಮಾಡಬಹುದು ಎಂಬುದು, ಅದನ್ನು ಮಾಡುವ ವಿದ್ಯೆಯನ್ನು ನಾನೇ ಹುಬ್ಬಳ್ಳಿಗೆ ಹೋಗಿ ಖುಷಿಯಿಂದ ಕಲಿತು ಬಂದಿದ್ದೇನೆ ಎಂಬುದು ನನಗೆ ಆಗಲೇ ಹೊಳೆದದ್ದು.

ಹೊಸ ಸರ್ವರ್ ನಿಜವಾಗಿಯೂ ಬಂತು. ಅಧ್ಯಕ್ಷರೇ ತಮ್ಮ ಜೀಪಿನಲ್ಲಿ ಹುಬ್ಬಳ್ಳಿಯಿಂದ ತಂದರು. ಹೆಡ್ ಮಾಸ್ತರರ ಮೇಜಿನ ಮೇಲೆ ಡಬ್ಬಿಯನ್ನು ಇಟ್ಟು, ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದರು. ಸಮಿತಿಯ ಎಲ್ಲರೂ ಬಂದಿದ್ದರು. ಅಧ್ಯಕ್ಷರು ನನ್ನ ಕಡೆ ತಿರುಗಿ, "ಅಕ್ಕೋರ, ಸಾಲಿ ಕೆಲಸಕ್ಕ ಏನ ಬೇಕಾದ್ರೂ ಕೇಳ್ರಿ, ನಾ ಇಲ್ಲ ಅನ್ನೂದಿಲ್ಲ. ಇದನ್ನ ಹೆಂಗ ಜೋಡಸ್ಬೇಕು ನಿಮಗ ಗೊತ್ತೈತಿ" ಎಂದರು. ಮುಖದಲ್ಲಿ ಅದೇ ದೊಡ್ಡ ನಗು. ನನ್ನನ್ನು ಹೆಚ್ಚು ದಿಗಿಲುಗೊಳಿಸಿದ್ದು ಆ ನಗು. ಅಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ.

ನಾನೂ ದನಿ ಏರಿಸಲಿಲ್ಲ. ಒಂದು ಬಿಳಿ ಹಾಳೆ ತೆಗೆದುಕೊಂಡೆ. ನಡುವೆ ಮೇಲಿನಿಂದ ಕೆಳಗೆ ಗೀಟು ಎಳೆದೆ. "ಜೋಡಸ್ತೇನ್ರಿ. ಆದ್ರ ಮಷೀನಿಗೆ ಕಣ್ಣಸನ್ನಿ ತಿಳಿಯೂದಿಲ್ರಿ. ಯಾವ ಹುಡುಗ ಯಾವ ಕಡೆ ಅಂತ ಒಬ್ಬೊಬ್ಬರ ಹೆಸರೂ ಬರದ ಕೊಡ್ಬೇಕು. ಈ ಕಡೆ ಯಾರು, ಆ ಕಡೆ ಯಾರು ಬರೀರಿ. ಮ್ಯಾಲ ಏನ ಶಿರೋನಾಮೆ ಹಾಕ್ಬೇಕು ಅದನ್ನೂ ನೀವ ಹೇಳ್ರಿ. ಕೆಳಗ ಎಲ್ಲಾರೂ ಸಹಿ ಮಾಡ್ರಿ" ಎಂದು ಹಾಳೆಯನ್ನು ಅಧ್ಯಕ್ಷರ ಮುಂದೆ ಸರಿಸಿದೆ.

ಅವರ ನಗು ಅರ್ಧಕ್ಕೆ ನಿಂತಿತು. "ಬರಿಯೂದೇನೈತ್ರಿ ಅದ್ರಾಗ? ನಿಮಗ ಗೊತ್ತಿರೂದ ಐತಲ್ಲ."

"ನನಗ ಗೊತ್ತಿದ್ರ ಏನ ಉಪಯೋಗ್ರಿ? ಮಷೀನಿಗೆ ಗೊತ್ತಾಗ್ಬೇಕಲ್ಲ."

ಅಧ್ಯಕ್ಷರು ಹಾಳೆಯನ್ನು ಹೆಡ್ ಮಾಸ್ತರರ ಕಡೆ ದೂಡಿದರು. ಹೆಡ್ ಮಾಸ್ತರರು ಅದು ಬಿಸಿ ಬಾಣಲೆಯೇನೋ ಎಂಬಂತೆ ಪಕ್ಕದವರ ಕಡೆ ಸರಿಸಿದರು. ಹಾಳೆ ಮೇಜಿನ ಸುತ್ತ ಒಂದು ಸುತ್ತು ಹಾಕಿ ನನ್ನ ಮುಂದೆಯೇ ಬಂತು. ಪೆನ್ನನ್ನು ಯಾರೂ ಮುಟ್ಟಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹೆಡ್ ಮಾಸ್ತರರು ಯಾವುದೋ ಹಬ್ಬ ಹುಡುಕತೊಡಗಿದರು. ಇಡೀ ಊರು ಬಾಯಿಪಾಠ ಮಾಡಿಕೊಂಡಿದ್ದನ್ನು ಬರೆಯಲು ಒಬ್ಬರಿಗೂ ಕೈ ಬರಲಿಲ್ಲ. ಕೊನೆಗೆ ಅಧ್ಯಕ್ಷರು ಎದ್ದರು. "ಇರ್ಲಿ ಬಿಡ್ರಿ. ಸಾಲಿಗೆ ಕೊಟ್ಟಿದ್ದು ಸಾಲಿಗೆ" ಎಂದು ಚಪ್ಪಲಿ ಮೆಟ್ಟಿ ಹೋದರು. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಡಬ್ಬಿ ಮೇಜಿನ ಮೇಲೆ ಬಿಚ್ಚದೆ ಉಳಿಯಿತು.

ನಾನು ಗೆದ್ದೆ ಎಂದುಕೊಂಡೆ. ಬಸ್ಸಿನಲ್ಲಿ ಶಿಗ್ಗಾಂವಿಯವರೆಗೂ ಒಬ್ಬಳೇ ನಗುತ್ತಾ ಹೋದೆ. ಪಕ್ಕದಲ್ಲಿದ್ದ ಮುದುಕಿ ಅತ್ತ ಸರಿದು ಕುಳಿತಳು.

ಮರುದಿನ ಮುಂಜಾನೆ ಬಂದಾಗ ಕಂಪ್ಯೂಟರ್ ಕೋಣೆಯ ಬಾಗಿಲು ಹಾಕಿಯೇ ಇತ್ತು. ಕಟ್ಟೆಯ ಮೇಲೆ ಹುಡುಗಿಯ ಅಪ್ಪ ಕುಳಿತಿದ್ದರು. ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು, ಅವಳ ಕೊರಳ ದಾರ ಅಪ್ಪನ ಕೈಯಲ್ಲಿತ್ತು. ನನ್ನನ್ನು ಕಂಡು ಅವರು ಎದ್ದರು. "ತಗೊಳ್ರಿ ಅಕ್ಕೋರ" ಎಂದು ಕೀಲಿಕೈ ಚಾಚಿದರು.

"ಯಾಕ್ರಿ? ನಿನ್ನೆ ಎಲ್ಲಾ ಮುಗೀತಲ್ಲ! ಯಾರೂ ಒಂದ ಅಕ್ಷರ ಬರೀಲಿಲ್ರಿ. ಎಲ್ಲಾರೂ ಎದ್ದ ಹ್ವಾದ್ರು."

"ಕೇಳೇನ್ರಿ. ಅವರು ಬರಿಯೂದಿಲ್ರಿ. ಅವರಿಗೆ ಬರಿಯೂ ಗರಜ ಇಲ್ಲ." ಅವರ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ, ಚಿಕ್ಕವರಿಗೆ ತಿಳಿಸಿ ಹೇಳುವ ರೀತಿ ಇತ್ತು. "ನಿನ್ನೆ ಸಂಜಿಕ ಅಧ್ಯಕ್ಷರ ಮನಿಯಿಂದ ಹೇಳಿ ಕಳಿಸ್ಯಾರ್ರಿ. ಕೀಲಿಕೈ ಕೊಟ್ಟ ಬಂದ್ರ ಕೆಲಸಕ್ಕ ಬಾ, ಇಲ್ಲಂದ್ರ ಬರಬ್ಯಾಡ ಅಂತ. ನನಗ ಅಷ್ಟ ಅಲ್ಲ, ಆಕಿ ಅವ್ವಗೂ."

ಗೀಟು ಎಳೆದ ಬಿಳಿ ಹಾಳೆ ನನ್ನ ಚೀಲದಲ್ಲೇ ಇತ್ತು. ಅದನ್ನು ಗೆಲುವಿನ ಪತ್ರವೆಂದು ಮಡಚಿ ಇಟ್ಟುಕೊಂಡಿದ್ದೆ. ನಾನು ಹಾಳೆಯ ಮೇಲೆ ಜಾಣತನ ತೋರಿಸುತ್ತಿದ್ದಾಗ ಊರು ತನ್ನ ಕೆಲಸವನ್ನು ಒಂದು ಮಾತಿನಲ್ಲಿ ಮಾಡಿ ಮುಗಿಸಿತ್ತು. "ಹಂಗಾರ ಸಾಲಿ?" ಎಂದು ಕೇಳಿದೆ. ಅವರು ಮಗಳ ಕಡೆ ನೋಡದೆ, "ನೋಡೂಣ್ರಿ" ಎಂದರು. ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ನನ್ನ ಕೈ ಮುಂದೆ ಹೋಗಲಿಲ್ಲ, ಕೀಲಿಕೈ ಅವರ ಅಂಗೈಯಲ್ಲೇ ಉಳಿಯಿತು.

ಆಗ ಹುಡುಗಿ ಕಂಬ ಬಿಟ್ಟು ಬಂದಳು. "ಅಪ್ಪಾ, ಹೊತ್ತಾತು. ಮೊದಲ್ನೇ ತಾಸ ಕಂಪ್ಯೂಟರ್ ಐತಿ. ಇವತ್ತೊಂದ ದಿನ ತೆಗಿತೇನಿ, ಆಮ್ಯಾಲ ಕೊಡ್ತೇನಿ" ಎಂದು ಅಪ್ಪನ ಅಂಗೈಯಿಂದ ಕೀಲಿಕೈ ಎತ್ತಿಕೊಂಡು ಬಾಗಿಲು ತೆಗೆದಳು. ಅಪ್ಪ ತಡೆಯಲಿಲ್ಲ. ಅವಳ ಹಿಂದೆ ನಡೆದು ಹೊಸ್ತಿಲ ಬಳಿ ನಿಂತರು. ನಾನೂ ನಿಂತೆ.

ಅವಳು ಬ್ಯಾಟರಿಯ ದೀಪ ನೋಡಿದಳು. ಗೋಡೆಯ ಗುಂಡಿಗಳನ್ನು ಒಂದಾದ ಮೇಲೆ ಒಂದು ಒತ್ತಿದಳು. ಒಳಗಿನ ಸಣ್ಣ ಕೋಣೆಗೆ ಹೋಗಿ ಸರ್ವರ್ ಎಬ್ಬಿಸಿದಳು. ಅದರ ಫ್ಯಾನು ಜೋರಾಗಿ ಒದರಿ ಆಮೇಲೆ ಸಮಾಧಾನಕ್ಕೆ ಬಂತು. ಅವಳು ಪರದೆಯ ಮೇಲೆ ಬರುವ ಸಾಲುಗಳನ್ನು ಓದುತ್ತ ನಿಂತಳು, ಒಂದು ಕಡೆ ಏನೋ ತಡೆಯಿತು, ಕುಳಿತು ನಾಲ್ಕು ಅಕ್ಷರ ಬಡಿದು ಸರಿ ಮಾಡಿದಳು. ಹೊರಗೆ ಬಂದು ಸಾಲಿನ ಪೆಟ್ಟಿಗೆಗಳನ್ನು ಚಾಲೂ ಮಾಡುತ್ತಾ ಹೋದಳು. ಕಪ್ಪು ಪರದೆಗಳ ಮೇಲೆ ಬಿಳಿ ಅಕ್ಷರಗಳು ಓಡಿದವು. ಬಾಗಿಲ ಹತ್ತಿರದ್ದು ಮೊದಲು ಬೆಳಗಿತು, ಅದರ ಪಕ್ಕದ್ದು, ಅದರ ಪಕ್ಕದ್ದು, ಗೋಡೆಯವರೆಗೂ. ಮಕ್ಕಳು ಬರತೊಡಗಿದರು. ಬಹಳ ಜನ ಬರಲಿಲ್ಲ. ಅಧ್ಯಕ್ಷರ ಮೊಮ್ಮಗಳು ಬಂದು ತನ್ನ ಜಾಗದಲ್ಲಿ ಕುಳಿತಳು, ಕೀಬೋರ್ಡ್ ಮುಟ್ಟದೆ ಪರದೆಯನ್ನೇ ನೋಡುತ್ತಿದ್ದಳು.

"ಇದೆಲ್ಲಾ ಈಕಿನ ಮಾಡ್ತಾಳೇನ್ರಿ?" ಹುಡುಗಿಯ ಅಪ್ಪ ನನ್ನ ಕಡೆ ತಿರುಗದೆ ಕೇಳಿದರು.

"ದಿನಾ ಈಕಿನ ಮಾಡೂದ್ರಿ."

"ನಾ ಬರೇ ಬಾಗ್ಲಾ ತೆಗೆಯೂ ಕೆಲಸ ಅಂತ ತಿಳದಿದ್ನಿ" ಎಂದರು. ಬಾಯಿ ಸ್ವಲ್ಪ ತೆರೆದೇ ಇತ್ತು. ಇಷ್ಟು ತಿಂಗಳಿಂದ ಮಗಳು ಕೊರಳಲ್ಲಿ ಕಟ್ಟಿಕೊಂಡು ಓಡಾಡಿದ್ದು ಏನೆಂದು ಆ ಮನುಷ್ಯನಿಗೆ ಯಾರೂ ತೋರಿಸಿರಲಿಲ್ಲ. ಅವರು ಬೆಳಗಿದ ಪರದೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು, ಮತ್ತೊಮ್ಮೆ ನೋಡಿದರು.

ಹುಡುಗಿ ಬಂದು, ಹೇಳಿದ ಮಾತಿಗೆ ತಪ್ಪದೆ, ಕೀಲಿಕೈಯನ್ನು ಅಪ್ಪನ ಮುಂದೆ ಹಿಡಿದಳು. ಅವರು ತೆಗೆದುಕೊಳ್ಳಲಿಲ್ಲ. ದಾರವನ್ನು ಬಿಡಿಸಿ ಅವಳ ಕೊರಳಿಗೆ ಹಾಕಿದರು.

"ಅಧ್ಯಕ್ಷರಿಗೆ ನಾನ ಹೇಳ್ತೇನ್ರಿ ಅಕ್ಕೋರ. ನೀವ ಏನೂ ಮಾತಾಡಬ್ಯಾಡ್ರಿ" ಎಂದರು. "ಸವಣೂರಾಗ ಹಮಾಲಿ ಸಿಗತೈತೇನ ನೋಡ್ತೇನಿ."

ತಲೆಗೆ ಟವೆಲು ಸುತ್ತಿಕೊಂಡು ಗೇಟು ದಾಟಿದರು. ಹೊಲದ ದಾರಿ ಎಡಕ್ಕಿತ್ತು, ಅವರು ಬಲಕ್ಕೆ, ಮುಖ್ಯರಸ್ತೆಯ ಕಡೆಗೆ ನಡೆದರು.